ಕಗ್ಗದಲ್ಲಿ ಸಂಶಯದ ಸ್ಥಾನ

ದಿವಂಗತ ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ವು 1943ನೆಯ ಇಸವಿಯಲ್ಲಿ ಪ್ರಕಟವಾದಂದಿನಿಂದ ಕನ್ನಡ ಬಲ್ಲ ಮನೆಗಳಲ್ಲಿ ಪಡೆದಿರುವ ಆದರವು ಸಾಮಾನ್ಯವಾದುದಲ್ಲ. ನಾಲ್ಕು ನಾಲ್ಕು ಸಾಲಿನ 945 ಪದ್ಯಗಳುಳ್ಳ ಈ ಗ್ರಂಥದಿಂದ ಹತ್ತಿಪ್ಪತ್ತನ್ನಾದರೂ ಬಾಯಲ್ಲಿ ಹೇಳಬಲ್ಲವರು ಊರೂರಿಗೂ ಇದ್ದಾರೆ. ಮದುವೆಯ ಕರೆಯೋಲೆಯಲ್ಲಿ ಅದರ ಒಂದು ಪದ್ಯ, ಉತ್ತರಕ್ರಿಯೆಯ ಪತ್ರದಲ್ಲಿ ಇನ್ನೊಂದು, ಶಾಲೆಯ ಗೋಡೆಯ ಮೇಲೆ ಮತ್ತೊಂದು. ಇಷ್ಟರಿಂದ ತೃಪ್ತರಾಗದ ಅಭಿಮಾನಿಗಳು ಅದನ್ನು ‘ಕನ್ನಡದ ಭಗವದ್ಗೀತೆ’ ಎಂದು ಕರೆದಿರುವುದೂ ಉಂಟು. ಹೊಗಳಿಕೆಯ ಮಾತಾಗಿ ಇದನ್ನು ಆಕ್ಷೇಪಿಸಬೇಕಾದುದಿಲ್ಲ. ಲಕ್ಷಣವಾಕ್ಯವಾಗಿ ಮಾತ್ರ ಇದು ಸಲ್ಲದು. ಗೀತೆಯು ಮುಗಿಯುವ ವೇಳೆಗೆ ಅರ್ಜುನನು ತನ್ನ ಸಂದೇಹವು ತೊಲಗಿತೆಂದೂ ಹೇಳಿದಂತೆ ನಡೆಯುವೆನೆಂದೂ ಒಪ್ಪಿಕೊಳ್ಳುತ್ತಾನೆ. ತಿಮ್ಮನಿಗೆ ಸಂದೇಹವು ತೊಲಗುವುದಿಲ್ಲ. ಗ್ರಂಥದ ಕೊನೆಯಲ್ಲಿಯೂ ಅವನು ಶರಣು ಹೋಗುವುದು ಬಿಡಿಸಿದ ಒಗಟಿಗಲ್ಲ, ಬಿಡಿಸದೆ ಉಳಿದ ರಹಸ್ಯಕ್ಕೆ. ಗೀತೆಗೆ ತಾತ್ಪರ್ಯ ಬರೆಯಬೇಕೆನಿಸಿದಾಗ ಗುಂಡಪ್ಪನವರು ‘ಜೀವನಧರ್ಮಯೋಗ’ವೆಂಬ ಬೇರೆಯ ಗ್ರಂಥವನ್ನೇ ಬರೆದರು, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆದಕಾರಣ ಕಗ್ಗದಲ್ಲಿ ಗೀತೆಯನ್ನು ಹುಡುಕುವುದಕ್ಕಿಂತ, ಗೀತೆಯಲ್ಲಿ ಇಲ್ಲದಿದ್ದು ಕಗ್ಗದಲ್ಲಿ ಇರುವುದು ಯಾವುದೆಂದು ಹುಡುಕುವುದು ಲೇಸು.

ಅದು ಗ್ರಂಥದ ಬಾಗಿಲಲ್ಲಿಯೇ ಕಾಣಸಿಗುತ್ತದೆ. ಆಶೀರ್ವಾದ, ನಮಸ್ಕಾರ, ವಸ್ತುನಿರ್ದೇಶ ಈ ಮೂರರಲ್ಲಿ ಒಂದರಿಂದ ಕಾವ್ಯವು ಆರಂಭವಾಗಬೇಕೆಂದು ದಂಡಿಯೇ ಮೊದಲಾದ ಲಾಕ್ಷಣಿಕರು ವಿಧಿಸಿದ್ದಾರೆ. ಕಗ್ಗವು ನಮಸ್ಕಾರದಿಂದ ಆರಂಭವಾಗುತ್ತದೆ. ಆದರೆ ಎಂತಹ ನಮಸ್ಕಾರ! ಮೊದಲನೆಯ ಪದ್ಯದಲ್ಲಿ ವಿಷ್ಣುವೆಂದೂ ಪರಬ್ರಹ್ಮವೆಂದೂ ಹಲವು ಹೆಸರುಗಳನ್ನು ಸಾಲಾಗಿ ಹೇಳಿ, ಜನರು ಕಣ್ಣಿನಿಂದ ಕಾಣದಿದ್ದರೂ ಅಕ್ಕರೆಯಿಂದ ನಂಬಿರುವ ಆ ಬೆರಗಿಗೆ ಶರಣೆನ್ನಲಾಗಿದೆ. ಹೆಸರುಗಳೆಲ್ಲ ಜನರವು, ನಂಬಿಕೆಯೂ ಜನರದು. ಕವಿಯ ಪಾಲಿಗೆ ಉಳಿದಿರುವುದು ಬೆರಗು. ಎರಡನೆಯ ಪದ್ಯದಲ್ಲಿ ಆ ವಸ್ತುವಿನ ಗುಣವನ್ನು ಹೇಳುವಾಗ ಪ್ರತಿಯೊಂದು ಗುಣಕ್ಕೂ ‘ಅಂತೆ’ ಎಂಬ ಪ್ರತ್ಯಯವನ್ನು ಹಚ್ಚಿದ್ದಾರೆ. ಕನ್ನಡ ವ್ಯಾಕರಣದಲ್ಲಿ ಇದು ಕೇಳಿದ ಮಾತನ್ನು ತಿಳಿಸುವ ಪ್ರತ್ಯಯ. ಹೇಳುವವನು ತಾನು ಹೊಣೆಯಲ್ಲವೆಂದು ಮೊದಲೇ ಸೂಚಿಸಿಬಿಡುವ ಪ್ರತ್ಯಯ. ನೆರೆಮನೆಯ ವರ್ತಮಾನಕ್ಕೆ ಸಲ್ಲುವ ಪ್ರತ್ಯಯವನ್ನು ಜಗತ್ಕಾರಣಕ್ಕೆ ಹಚ್ಚಿದ ಮಂಗಳಪದ್ಯವು ಕನ್ನಡದಲ್ಲಿ ಬೇರೊಂದಿರಲಾರದು. ಮೂರನೆಯದು ಇನ್ನೂ ಮುಂದೆ ಹೋಗಿ, ಇದೆಯೋ ಇಲ್ಲವೋ ತಿಳಿಯದ ಒಂದು ವಸ್ತು ಜಗದ್ರೂಪದಿಂದ ವಿಹರಿಸುತ್ತಿರುವುದು ಒಳ್ಳೆಯದೇ ಎಂಬುದು ದಿಟವಾದ ಪಕ್ಷದಲ್ಲಿ ಅದಕ್ಕೆ ಶರಣು ಎಂದು ‘ಪಕ್ಷದಲ್ಲಿ’ ಎಂಬ ಷರತ್ತನ್ನು ಮುಂದಿಟ್ಟುಕೊಂಡು ನಮಸ್ಕರಿಸುತ್ತದೆ. ಷರತ್ತಿನ ಮೇಲೆ ಮಾಡಿದ ನಮಸ್ಕಾರವು ನಮಸ್ಕಾರವೇ ಎಂದು ಸಂಪ್ರದಾಯಸ್ಥನು ಕೇಳಬಹುದು. ಷರತ್ತು ಹಾಕಿದ ಮೇಲೆ ಬಾಗುವುದೇಕೆ ಎಂದು ನಾಸ್ತಿಕನು ಕೇಳಬಹುದು. ಇಬ್ಬರಿಗೂ ಒಂದೇ ಉತ್ತರ: ತಲೆಯೊಳಗೆ ಪ್ರಶ್ನೆಯಿದ್ದರೂ ಆ ತಲೆಯನ್ನು ಬಾಗಿಸಬಹುದು.

ಇಂತಹ ಮನೋಧರ್ಮವು ಗುಂಡಪ್ಪನವರಿಗೆ ಎಲ್ಲಿಂದ ಬಂತೆಂಬುದನ್ನು ಅವರ ಇತರ ಗ್ರಂಥಗಳಿಂದ ಊಹಿಸಬಹುದು. ಅವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಅಕ್ಷೋಭ್ಯತೀರ್ಥರಿಗೂ ವಿದ್ಯಾರಣ್ಯರಿಗೂ ವಾದ ನಡೆಯಿತೆಂದು ಮಾಧ್ವ ಸಂಪ್ರದಾಯವು ಹೇಳುವ ಊರು ಅದು. ಶ್ರೀಪಾದರಾಜರ ಮಠವಿರುವ ಊರು ಅದು. ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ವೈದಿಕಧರ್ಮದ ಸಂಪ್ರದಾಯಸ್ಥರಿಗೇ ಒಂದು ಸಂಪುಟವನ್ನು ಮೀಸಲಿಟ್ಟಿದ್ದಾರೆ, ಅಲ್ಲಿನ ನಂಬಿಕೆಯ ಮನುಷ್ಯರ ಮೇಲೆ ಅವರಿಗಿದ್ದ ಪ್ರೀತಿಯು ಬರಹದ ತುಂಬ ವ್ಯಾಪಿಸಿದೆ. ಅದೇ ಲೇಖನಿಯು ಪಾರಸೀಕ ಕವಿ ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ಯೆಂದು ಕನ್ನಡಿಸಿತು. ಅಗ್ನಿಹೋತ್ರಿಗಳ ಪಕ್ಕದಲ್ಲಿ ಉಮರನನ್ನು ಕೂರಿಸಿ ಇಬ್ಬರ ಮಾತನ್ನೂ ಕೇಳಿದವರು ಕಗ್ಗವನ್ನು ಬರೆದರೆಂದರೆ ಆಶ್ಚರ್ಯವಿಲ್ಲ.

ಸಂಶಯವನ್ನು ಶ್ರದ್ಧೆಯ ಶತ್ರುವೆಂದು ತಿಳಿಯುವುದು ನಮ್ಮ ಶಾಸ್ತ್ರಗಳ ರೀತಿಯಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಗೌತಮನ ನ್ಯಾಯಸೂತ್ರವು ಮೊದಲ ಸೂತ್ರದಲ್ಲಿಯೇ ಹದಿನಾರು ಪದಾರ್ಥಗಳನ್ನು ಎಣಿಸುವಾಗ ಪ್ರಮಾಣ, ಪ್ರಮೇಯಗಳಾದೊಡನೆ ಸಂಶಯವನ್ನು ಹೇಳುತ್ತದೆ. ತಿಳಿಯದೆಯೇ ಇರುವ ವಿಷಯದಲ್ಲಿ ನ್ಯಾಯವು ಹೊರಡುವುದಿಲ್ಲ, ನಿರ್ಣಯವಾದ ವಿಷಯದಲ್ಲಿಯೂ ಹೊರಡುವುದಿಲ್ಲ, ಸಂಶಯ ಬಿದ್ದ ಕಡೆಯಲ್ಲಿ ಮಾತ್ರ ಹೊರಡುತ್ತದೆಂದು ಭಾಷ್ಯಕಾರ ವಾತ್ಸ್ಯಾಯನನ ಅಭಿಪ್ರಾಯ. ವೇದವೇ ಪರಮಪ್ರಮಾಣವೆಂದ ಮೀಮಾಂಸಕರೂ ಅಧಿಕರಣದ ಐದು ಅಂಗಗಳಲ್ಲಿ ಸಂಶಯಕ್ಕೆ ಎರಡನೆಯ ಪೀಠವನ್ನು ಕೊಟ್ಟರು. ಸಂಶಯಾತ್ಮನು ನಾಶವಾಗುತ್ತಾನೆಂದು ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಹೇಳಿರುವುದು ನಿಜ. ಅಲ್ಲಿ ನಿಂದೆಗೆ ಗುರಿಯಾದವನು ಸಂಶಯವೇ ಸ್ವಭಾವವಾಗಿ ಹೋದವನು, ಅಲ್ಲಿಂದ ಏಳಲು ಮನಸ್ಸಿಲ್ಲದವನು, ಪ್ರಶ್ನೆ ಕೇಳಿದವನಲ್ಲ. ಹಾಗಿಲ್ಲದಿದ್ದರೆ ಗೀತೆಯು ಅರ್ಜುನನ ಮೊದಲ ಪ್ರಶ್ನೆಗೇ ಮುಗಿದುಹೋಗಬೇಕಾಗಿತ್ತು.

ಈಗ ಕಗ್ಗದ ಅತ್ಯಂತ ಖಾರವಾದ ಪದ್ಯವೊಂದನ್ನು ವಿಚಾರಕ್ಕೆ ತೆಗೆದುಕೊಳ್ಳಬಹುದು. ಭಾಗವತದ ಏಳನೆಯ ಸ್ಕಂಧದ ಕಥೆಯೇ ಅದರ ಆಧಾರ. ತಂದೆಯಾದ ಹಿರಣ್ಯಕಶಿಪು ನಂಬಲಿಲ್ಲ, ಮಗನಾದ ಪ್ರಹ್ಲಾದನು ನಂಬಿದನು, ಇಬ್ಬರಿಗೂ ಮುಕ್ತಿಯಾಯಿತು. ನಂಬಿಯೂ ನಂಬದೆಯೂ ಇರುವ ನೀನು ಮಾತ್ರ ಶ್ಲೇಷ್ಮದಲ್ಲಿ ಸಿಕ್ಕಿಕೊಂಡ ನೊಣ ಎಂದು ತಿಮ್ಮನು ಓದುವವನ ಮುಖಕ್ಕೇ ಹೇಳುತ್ತಾನೆ. ಉಪಮಾನವು ಜುಗುಪ್ಸೆಯನ್ನುಂಟುಮಾಡುತ್ತದೆ, ಉದ್ದೇಶವೂ ಅದೇ. ಉಪನ್ಯಾಸಕರು ಈ ಪದ್ಯವನ್ನು ಸಾಮಾನ್ಯವಾಗಿ ದೃಢಭಕ್ತಿಯ ಉಪದೇಶವೆಂದು ವ್ಯಾಖ್ಯಾನಿಸುತ್ತಾರೆ. ಹಾಗಾದರೆ ತಂದೆಗೆ ಮುಕ್ತಿ ಏಕೆ? ವೈರಭಕ್ತಿಯ ಸಿದ್ಧಾಂತವನ್ನು ಅಲ್ಲಿ ತಂದಿಟ್ಟು ಪುರಾಣವನ್ನು ರಕ್ಷಿಸಬಹುದು, ಪದ್ಯವನ್ನು ರಕ್ಷಿಸಲಾಗದು. ಪದ್ಯದ ನ್ಯಾಯಸ್ಥಾನದಲ್ಲಿ ನಿಸ್ಸಂಕೋಚವಾಗಿ ನಂಬದವನಿಗೂ ನಿಸ್ಸಂಕೋಚವಾಗಿ ನಂಬಿದವನಿಗೂ ಒಂದೇ ತೀರ್ಪು. ಇಬ್ಬರೂ ತಮ್ಮ ಮಾತಿಗೆ ಬೆಲೆ ತೆತ್ತರು. ಮಗನು ವಿಷವನ್ನೂ ಬೆಂಕಿಯನ್ನೂ ಎದುರಿಸಿದನು. ತಂದೆಯು ಕಂಬವನ್ನು ಗುದ್ದಿ ಅದರಿಂದ ಬಂದದ್ದನ್ನು ಎದುರಿಸಿದನು.

ಆದರೆ ಇದೇ ಗ್ರಂಥಕರ್ತರು ಗ್ರಂಥದ ಬಾಗಿಲಲ್ಲಿ ‘ಇದೆಯೋ ಇಲ್ಲವೋ’ ಎಂದವರಲ್ಲವೆ? ತಾವೇ ಆ ನೊಣವಾದರೆಂದು ಹೇಳಬೇಕೆ? ಇಲ್ಲಿಯೇ ಕಗ್ಗವನ್ನು ನಿಧಾನವಾಗಿ ಓದಬೇಕಾಗಿದೆ. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳುವುದು ಒಂದು. ಅನುಕೂಲವಿದ್ದಾಗ ತಿಳಿದಂತೆಯೂ ಅನನುಕೂಲವಾದಾಗ ತಿಳಿಯದಂತೆಯೂ ನಡೆಯುವುದು ಇನ್ನೊಂದು. ಮೊದಲನೆಯದು ಸಂಶಯ. ಎರಡನೆಯದಕ್ಕೆ ಇಬ್ಬಂದಿತನವೆಂದು ಹೆಸರು. ಸಂಶಯಕ್ಕೆ ಒಂದೇ ನಾಲಗೆ, ಇಬ್ಬಂದಿತನಕ್ಕೆ ಎರಡು. ಕಗ್ಗವು ಬಯ್ಯುವುದು ಎರಡನೆಯದನ್ನು. ಶ್ರದ್ಧೆಯನ್ನೂ ಸಂಶಯವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ಸರಿತೂಗಿಸಬೇಕೆಂದು ಈಚೆಗೆ ಕೇಳಿಬರುವ ಮಾತಿಗೆ ಕಗ್ಗದಲ್ಲಿ ಆಧಾರವಿಲ್ಲ. ಕಗ್ಗವು ಅವೆರಡಕ್ಕೆ ಬೇರೆ ಬೇರೆ ಊಳಿಗವನ್ನು ನೇಮಿಸುತ್ತದೆ. ನಿಶ್ಚಯ ಮಾಡುವ ಮೊದಲು ತನ್ನ ಮನಸ್ಸನ್ನು ಶೋಧಿಸುವ ಊಳಿಗ ಸಂಶಯದ್ದು. ನಿಶ್ಚಯವಾದ ಮೇಲೆ ಬಂದ ಫಲವನ್ನು ಹೊರುವ ಊಳಿಗ ಶ್ರದ್ಧೆಯದು. ಊಳಿಗಗಳು ಅದಲುಬದಲಾದಾಗ, ಎಂದರೆ ಮೊದಲು ಕಣ್ಣುಮುಚ್ಚಿ ನಂಬಿ ಆಮೇಲೆ ಹೊಣೆ ಹೊರುವ ಹೊತ್ತಿಗೆ ಸಂಶಯ ಹುಟ್ಟಿದಾಗ, ನೊಣವು ಶ್ಲೇಷ್ಮದಲ್ಲಿ ಬೀಳುತ್ತದೆ.

ಒಂದು ದೃಷ್ಟಾಂತವನ್ನು ಗುಂಡಪ್ಪನವರ ತಾಲ್ಲೂಕಿನಿಂದಲೇ ಕೊಡಬಹುದು. ದೇವರಾಯಸಮುದ್ರವು ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಗ್ರಾಮ. ಹೆಸರಿನಲ್ಲಿರುವ ಸಮುದ್ರವೆಂದರೆ ಕೆರೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರದ ಸೀಮೆಯು ಮೊದಲು ಕೆರೆಯನ್ನು ನಂಬಿತು. ಕೆರೆ ಬತ್ತಿದಾಗ ತೆರೆದ ಬಾವಿಯನ್ನು, ಅದೂ ಬತ್ತಿದಾಗ ಕೊಳವೆಬಾವಿಯನ್ನು ನಂಬಿತು. ಕೊಳವೆಯು ಸಾವಿರ ಅಡಿಯನ್ನು ದಾಟಿ ಇಳಿದದ್ದುಂಟು. (2018ರಿಂದ ಬೆಂಗಳೂರಿನ ಕೊಳಚೆನೀರನ್ನು ಶುದ್ಧಿ ಮಾಡಿ ಜಿಲ್ಲೆಯ ಕೆರೆಗಳಿಗೆ ಹರಿಸತೊಡಗಿದರು, ಆ ಶುದ್ಧಿಯು ಸಾಲದೆಂದು ನ್ಯಾಯಾಲಯದವರೆಗೆ ವಾದ ನಡೆಯಿತು. ಅದು ಬೇರೆಯೇ ಒಂದು ಲೇಖನಕ್ಕೆ ವಿಷಯ.) ಇಲ್ಲಿನ ನೆಲ ಗಟ್ಟಿ ಬಂಡೆ, ನೀರು ನಿಲ್ಲುವುದು ಬಂಡೆಯ ಬಿರುಕಿನಲ್ಲಿ, ಬಿರುಕು ಎಲ್ಲಿದೆಯೆಂದು ಮೇಲಿನಿಂದ ಕಾಣದು. ಆದಕಾರಣ ಕೊಳವೆ ಇಳಿಸುವ ಮುನ್ನ ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ ಬೇವಿನ ಕವಲುಕಡ್ಡಿ ಹಿಡಿದೋ ಹೊಲದಲ್ಲಿ ನಡೆದು ನೀರಿನ ಜಾಗವನ್ನು ತೋರಿಸುವವರನ್ನು ಕರೆಸುವ ವಾಡಿಕೆಯು ಈ ಸೀಮೆಯಲ್ಲೆಲ್ಲ ಇದೆ.

ಅವಿಭಕ್ತ ಕುಟುಂಬವೊಂದರ ಯಜಮಾನನು ಇಂತಹ ಕಾರ್ಯಕ್ಕೆ ಹೊರಟನೆಂದು ಭಾವಿಸಬಹುದು. ಕೈಯಲ್ಲಿ ಹಣವಿಲ್ಲ. ತೀರಿಕೊಂಡ ತಮ್ಮನ ಹೆಂಡತಿಯ ಒಡವೆಯಿದೆ. ಅದನ್ನು ಗಿರವಿಯಿಟ್ಟರೆ ಕೊಳವೆ ಇಳಿಯುತ್ತದೆ. ಭೂವಿಜ್ಞಾನ ಓದಿದವರನ್ನೂ ಅವನು ಕರೆಸುತ್ತಾನೆ, ತೆಂಗಿನಕಾಯಿಯವರನ್ನೂ ಕರೆಸುತ್ತಾನೆ. ಎರಡೂ ಇರಲಿ ಎನ್ನುತ್ತಾನೆ. ನೀರು ಬಿದ್ದರೆ ತನ್ನ ಎದೆಗಾರಿಕೆ. ಬೀಳದಿದ್ದರೆ ಆಕೆಯ ಹಣೆಬರಹ. ಇದಕ್ಕಿಂತ ಸ್ಪಷ್ಟವಾಗಿ ಆ ಪದ್ಯಕ್ಕೆ ಭಾಷ್ಯ ಬರೆಯುವುದು ಕಷ್ಟ.

ಇಲ್ಲಿ ವಿದ್ಯಾವಂತರು ಮಾಡುವ ತಪ್ಪೊಂದಿದೆ. ತೆಂಗಿನಕಾಯಿಯ ಪರೀಕ್ಷೆಯು ಸುಳ್ಳೆಂದು ತೋರಿಸಿಬಿಟ್ಟರೆ ಪ್ರಶ್ನೆ ಮುಗಿಯಿತೆಂದು ಅವರು ತಿಳಿಯುತ್ತಾರೆ. ಅದನ್ನು ತೋರಿಸುವುದೇನೋ ಅವಶ್ಯ. ಜರ್ಮನಿಯ ಮ್ಯೂನಿಕ್ ನಗರದ ಬಳಿ 1987–88ರಲ್ಲಿ ನೀರು ತೋರಿಸುವ ಸುಮಾರು 500 ಮಂದಿಯಿಂದ 43 ಮಂದಿಯನ್ನು ಆರಿಸಿ 843 ಸಲ ಪರೀಕ್ಷಿಸಿದರು. ಪರೀಕ್ಷಿಸಿದವರು ಅದರಲ್ಲಿ ಏನೋ ಇದೆಯೆಂದರೂ, ಆ ಲೆಕ್ಕವನ್ನೇ ಮತ್ತೆ ನೋಡಿದ ಎನ್‌ರೈಟ್ ಎಂಬ ವಿಜ್ಞಾನಿಯು ಕಾಕತಾಳೀಯಕ್ಕಿಂತ ಹೆಚ್ಚಿನದೇನೂ ಇಲ್ಲವೆಂದು ತೋರಿಸಿದನು. ಸರಿ. ಆದರೆ ಭೂವಿಜ್ಞಾನಿಯ ಮಾತನ್ನೊಂದನ್ನೇ ಕೇಳಿ ಕೊಳವೆ ಇಳಿಸಿದ್ದರೂ ಒಡವೆ ಯಾರದೆಂಬ ಪ್ರಶ್ನೆಯು ಇದ್ದಲ್ಲಿಯೇ ಇರುತ್ತಿತ್ತು. ನೀರಿನ ವಿಷಯದ ಸಂಶಯವು ಸುಲಭ. ತನ್ನ ವಿಷಯದ ಸಂಶಯವು ಕಠಿಣ. ಕೇಳುವ ಹಕ್ಕು ತನಗಿದೆಯೇ, ಕೊಡುವೆನೆಂದ ಆಕೆಯು ಮನಸ್ಸಿನಿಂದ ಹೇಳಿದಳೋ, ಬೇರೆ ಗತಿಯಿಲ್ಲದೆ ಹೇಳಿದಳೋ ಎಂಬಲ್ಲಿ ಸಂಶಯಕ್ಕೆ ಕೆಲಸವಿತ್ತು. ಅಲ್ಲಿ ಯಜಮಾನನು ಅದನ್ನು ಕರೆಯಲಿಲ್ಲ. ಕೊಳವೆಯು ಒಣಗಿ ಹೋದ ಮೇಲೂ ಒಡವೆಯನ್ನು ಬಿಡಿಸಿಕೊಡುತ್ತೇನೆಂಬ ಮಾತಿಗೆ ಹತ್ತು ವರ್ಷ ದುಡಿಯುವಲ್ಲಿ ಶ್ರದ್ಧೆಗೆ ಕೆಲಸವಿತ್ತು. ಅಲ್ಲಿ ಅದನ್ನೂ ಕರೆಯಲಿಲ್ಲ.

ಕಾಳಿದಾಸನ ದುಷ್ಯಂತನು ಆಶ್ರಮದಲ್ಲಿ ಶಕುಂತಲೆಯನ್ನು ಕಂಡೊಡನೆ, ಸಂದೇಹ ಬಂದ ವಿಷಯದಲ್ಲಿ ಸಜ್ಜನರಿಗೆ ಅಂತಃಕರಣದ ಒಲವೇ ಪ್ರಮಾಣವೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಧರ್ಮಕ್ಕೆ ಆತ್ಮತುಷ್ಟಿಯೂ ಒಂದು ಪ್ರಮಾಣವೆಂದ ಮನುವಿನ ಬೆಂಬಲವೂ ಈ ಮಾತಿಗೆ ಇದೆ. ಪಂಡಿತರು ಇದನ್ನು ಧರ್ಮವಿಚಾರದಲ್ಲಿ ಉದಾಹರಿಸುವುದೂ ಉಂಟು. ಆದರೆ ಮನುವು ಆತ್ಮತುಷ್ಟಿಯನ್ನು ಶ್ರುತಿ, ಸ್ಮೃತಿ, ಸದಾಚಾರಗಳ ಅನಂತರ ನಾಲ್ಕನೆಯದಾಗಿ ಇಟ್ಟನೆಂಬುದನ್ನೂ, ಅಂತಃಕರಣವನ್ನು ಪ್ರಮಾಣವೆಂದ ರಾಜನೇ ಐದನೆಯ ಅಂಕದಲ್ಲಿ ಗರ್ಭಿಣಿಯಾದ ಹೆಂಡತಿಯನ್ನು ತುಂಬಿದ ಸಭೆಯಲ್ಲಿ ಗುರುತಿಸಲಿಲ್ಲವೆಂಬುದನ್ನೂ ಅವರು ಜೊತೆಯಲ್ಲಿ ಹೇಳುವುದು ಕಡಮೆ. ಶಾಪದ ಕಥೆಯು ರಾಜನನ್ನು ಬಿಡಿಸಲು ಬಂದದ್ದು. ಕಾಳಿದಾಸನು ಆ ಎರಡು ದೃಶ್ಯಗಳನ್ನು ಒಂದೇ ನಾಟಕದಲ್ಲಿಟ್ಟದ್ದು ಅದಕ್ಕಾಗಿ ಮಾತ್ರವಲ್ಲ. ಮೊದಲು ಒಲವು, ಆಮೇಲೆ ಸಂದೇಹ. ಯಜಮಾನನ ಕ್ರಮವೂ ಅದೇ.

ನಂಬದವನ ಪಕ್ಷವನ್ನು ಪರೀಕ್ಷಿಸುವುದಕ್ಕೂ ದೂರ ಹೋಗಬೇಕಾಗಿಲ್ಲ. ಡಾ॥ ಎಚ್. ನರಸಿಂಹಯ್ಯನವರು 1920ರಲ್ಲಿ ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದು, ಖಾದಿಯುಟ್ಟು, ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ ಬಾಳಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ಏರ್ಪಡಿಸಿ ಬಹುಜನರ ಕೋಪಕ್ಕೆ ಗುರಿಯಾದರು. 2005ರಲ್ಲಿ ತೀರಿಕೊಳ್ಳುವವರೆಗೂ ಆ ನಿಲುವನ್ನು ಬಿಡಲಿಲ್ಲ. ಒಂದೇ ಹಳೆಯ ಜಿಲ್ಲೆಯ ಈ ಇಬ್ಬರೂ ಬೆಂಗಳೂರಿನ ಒಂದೇ ಬಸವನಗುಡಿಯಲ್ಲಿ ವಾಸವಾಗಿದ್ದರು. ತಿಮ್ಮನು ಷರತ್ತಿನ ಮೇಲೆ ಬಾಗಿದ ಕಡೆ ನರಸಿಂಹಯ್ಯನವರು ಬಾಗಲೇ ಇಲ್ಲ. ಆದರೆ ನಂಬದಿರುವುದಕ್ಕೆ ಬೆಲೆ ತೆರುವುದೆಂದರೇನೆಂದು ಅವರ ಒಂದು ಕೊಠಡಿಯ ಬಾಳಿನಿಂದ ಗೊತ್ತಾಗುತ್ತದೆ. ಪ್ರಹ್ಲಾದನ ಪದ್ಯದ ಮುಂದೆ ಅವರು ಧೈರ್ಯವಾಗಿ ನಿಲ್ಲಬಲ್ಲವರಾಗಿದ್ದರು. ಹಬ್ಬಕ್ಕೊಂದು ವ್ರತ, ಆಫೀಸಿನಲ್ಲಿ ಮೇಜಿನ ಕೆಳಗೊಂದು ಕೈ ಎಂಬಂತೆ ಇರುವ ಆಸ್ತಿಕರು ನಿಲ್ಲಲಾರರು.

ಕಗ್ಗದ ದೋಷವನ್ನೂ ಹೇಳದಿದ್ದರೆ ವಿಮರ್ಶೆಯು ಅಭಿನಂದನಪತ್ರವಾದೀತು. ಬದುಕನ್ನು ಜಟಕಾಬಂಡಿಗೂ, ವಿಧಿಯನ್ನು ಅದರ ಸಾಹೇಬನಿಗೂ, ಮನುಷ್ಯನನ್ನು ಕುದುರೆಗೂ ಹೋಲಿಸಿದ ಪದ್ಯವು ಇಡೀ ಗ್ರಂಥದಲ್ಲಿ ಪ್ರಸಿದ್ಧವಾದುದು. ಸತ್ತವರ ಮನೆಯಲ್ಲಿ ಅದು ಸಾಂತ್ವನ. ನಿಶ್ಚಯ ಮಾಡಬೇಕಾದವನ ಮನೆಯಲ್ಲಿ ಅದು ಅಪಾಯ. ಕುದುರೆಗೆ ಓಡುವುದಲ್ಲದೆ ಆರಿಸುವುದಿಲ್ಲ. ಹೇಳಿದ ಕಡೆಗೆ ಹೋದ ಕುದುರೆಯನ್ನು ಒಡವೆ ಎಲ್ಲಿಯೆಂದು ಕೇಳುವವರಾರು? ತಿಮ್ಮನು ಬೇರೆಡೆ ಪುರುಷಪ್ರಯತ್ನವನ್ನು ಬಲವಾಗಿ ಹೇಳಿದ್ದಾನೆ, ನಿಜ. ಆದರೆ 945 ಬಿಡಿ ಪದ್ಯಗಳ ಗ್ರಂಥದಲ್ಲಿ ಓದುವವನು ತನಗೆ ಬೇಕಾದುದನ್ನು ಆಯ್ದುಕೊಂಡು ಬೇಡವಾದುದರ ಪುಟವನ್ನು ಮಗುಚುತ್ತಾನೆ. ಮುಕ್ತಕಗಳ ರೂಪವೇ ಇಬ್ಬಂದಿತನಕ್ಕೆ ಎಡೆಗೊಡುತ್ತದೆ. ಕರೆಯೋಲೆಗಳಲ್ಲಿಯೂ ಗೋಡೆಗಳಲ್ಲಿಯೂ ಕಾಣುವ ಪದ್ಯಗಳನ್ನು ಎಣಿಸಿದರೆ ಸಮಾಧಾನದ ಪದ್ಯಗಳೇ ಹೆಚ್ಚು. ‘ಅಂತೆ’ಯ ಪದ್ಯವನ್ನೂ ನೊಣದ ಪದ್ಯವನ್ನೂ ಯಾರೂ ಬರೆಸುವುದಿಲ್ಲ.

ಇನ್ನೊಂದು ಕೊರತೆಯು ಇದಕ್ಕಿಂತ ದೊಡ್ಡದು. ಕಗ್ಗದಲ್ಲಿ ನಿಶ್ಚಯ ಮಾಡುವವನ ಕಷ್ಟಕ್ಕೆ ನೂರು ಪದ್ಯಗಳಿವೆ. ಇನ್ನೊಬ್ಬರು ಮಾಡಿದ ನಿಶ್ಚಯವನ್ನು ಹೊರುವವರ ಬಾಯಿಗೆ ಮಾತು ಕಡಮೆ. ಒಡವೆ ಕಳೆದುಕೊಂಡವಳು ಕಗ್ಗವನ್ನು ತೆರೆದರೆ ಸಹಿಸುವುದನ್ನು ಕಲಿಯಬಹುದು, ಕೇಳುವುದನ್ನು ಕಲಿಯಲಾರಳು. ಈ ಕೊರತೆಯನ್ನು ಗ್ರಂಥಕರ್ತರೇ ಬೇರೆಡೆಯಲ್ಲಿ ತುಂಬಿದ್ದಾರೆ. ‘ಶ್ರೀರಾಮಪರೀಕ್ಷಣ’ವೆಂಬ ಅವರ ಕಾವ್ಯಕ್ಕೆ ಕಗ್ಗದ ಹತ್ತರಲ್ಲೊಂದು ಪಾಲಿನ ಓದುಗರೂ ಇಲ್ಲದಿರುವುದು ಶೋಚನೀಯ. ರಾಮನನ್ನು ಪೂಜಿಸುವವರೇ ರಾಮನ ನಡತೆಯನ್ನು ಪರೀಕ್ಷೆಗೆ ಒಡ್ಡಬಹುದೆಂದು ಅದರ ಹೆಸರೇ ಹೇಳುತ್ತದೆ.

ದೇವರಾಯಸಮುದ್ರಕ್ಕೆ ಸಮೀಪದ ಆವಣಿಯ ಬೆಟ್ಟವನ್ನು ಸ್ಥಳಪುರಾಣವು ವಾಲ್ಮೀಕಿಯ ಆಶ್ರಮವೆನ್ನುತ್ತದೆ. ಲವಕುಶರು ಹುಟ್ಟಿದ್ದು ಅಲ್ಲಿಯೇ ಎನ್ನುತ್ತದೆ. ಬೆಟ್ಟದ ತಪ್ಪಲಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿಗಳಿವೆ. ಮೇಲೆ ಸೀತೆಯ ಗುಡಿ, ಮಕ್ಕಳ ಹರಕೆ ಹೊತ್ತ ಹೆಂಗಸರು ಹತ್ತಿ ಹೋಗುವ ಗುಡಿ. ಸೀತೆಯ ವಿಷಯದಲ್ಲಿ ರಾಮನಿಗೆ ಸಂಶಯವಿರಲಿಲ್ಲ, ಸಂಶಯವಿದ್ದದ್ದು ಊರಿಗೆ. ತನಗಿಲ್ಲದ ಸಂಶಯಕ್ಕೆ ಅವನು ತಲೆಬಾಗಿ, ಫಲವನ್ನು ಆಕೆಯ ಮೇಲೆ ಹೊರಿಸಿದನು. ರಾಜಧರ್ಮವೆಂದು ವ್ಯಾಖ್ಯಾನಕಾರರು ಹೇಳುವ ಸಮಾಧಾನಗಳೆಲ್ಲ ಪಾಠಶಾಲೆಯಲ್ಲಿ ಕುಳಿತು ಓದಿದವರಿಗೆ ಗೊತ್ತು. ಅವು ಆ ಬೆಟ್ಟವನ್ನು ಹತ್ತಲಾರವು. ಪ್ರಹ್ಲಾದನ ಪದ್ಯವನ್ನು ಅಲ್ಲಿಗೆ ಒಯ್ದು ಓದಿದರೆ, ತಂದೆಯ ಸಾಲಿನಲ್ಲಿಯೂ ಮಗನ ಸಾಲಿನಲ್ಲಿಯೂ ರಾಮನಿಗೆ ಜಾಗ ಸಿಗುವುದಿಲ್ಲ. ಉಳಿದ ಮೂರನೆಯ ಜಾಗವನ್ನು ಹೇಳಲು ತಿಮ್ಮನಿಗೆ ಮನಸ್ಸಾಗಲಿಲ್ಲವೋ ಏನೋ. ರಾಮನನ್ನು ಕೇಳುವ ಕಾರ್ಯವನ್ನು ಗುಂಡಪ್ಪನವರು ಆ ಇನ್ನೊಂದು ಕಾವ್ಯಕ್ಕೆ ಬಿಟ್ಟರು.